ಸಾಲಿನ ಕೊನೆಯಲ್ಲಿ ನಡೆಯುವವಳು

"ಮುಂದೆ ಟಾರ್ಚ್ ಹಿಡ್ಕೊಂಡು ಓಡೋರಿಗೆ ಹಿಂದಿರೋರ ಏದುಸಿರು ಕೇಳಿಸಲ್ಲ, ಅಲ್ವಾ?"

ಮುಕ್ತಾ ಮುಂದಾಳು ಸಾರಂಗನಿಗೆ ಆಡಿದ ಮೊಟ್ಟಮೊದಲ ಮಾತು ಇದು. ಪುಣೆಯ ಬಳಿಯ ತೋರಣಾ ಕೋಟೆಯ ಏರಿನಲ್ಲಿ, ಕಗ್ಗತ್ತಲಲ್ಲಿ, ಇಡೀ ಗುಂಪಿನ ಎದುರು.

ಆ ಚಾರಣದ ಗುಂಪಿಗೆ ಅವಳು ಬಂದದ್ದು ಅಂದೇ ಮೊದಲು. ನಿವೃತ್ತ ಮೇಷ್ಟ್ರೊಬ್ಬರು ಕಾಲೆಳೆಯುತ್ತ ಹಿಂದುಳಿದಿದ್ದರು. ಮೇಲಿನಿಂದ ಅವನೋ, ಬೇಗ ಬನ್ನಿ ಬೇಗ ಬನ್ನಿ ಎಂದು ಕೂಗುತ್ತಲೇ ಇದ್ದ. ಅವಳಿಗೆ ತಡೆಯಲಾಗಲಿಲ್ಲ.

ಅವನು ಇಳಿದು ಬಂದ. ಮೇಷ್ಟ್ರನ್ನು ನೋಡಿದ. ಇವಳನ್ನು ನೋಡಿದ. ಈಗ ಬೈಗುಳ ಗ್ಯಾರಂಟಿ ಎಂದುಕೊಂಡಳು...

"ಹಾಗಾದ್ರೆ ಎಲ್ಲರಿಗಿಂತ ಹಿಂದೆ ನೀನಿರು. ನೀನು ಟಾರ್ಚ್ ಮಿಣುಕಿಸಿದ್ರೆ ನಾನು ನಿಲ್ತೀನಿ."

ನಿಂತ. ಅವಳು ಮಿಣುಕಿಸಿದಾಗಲೆಲ್ಲ ನಿಂತ. ಬೆಳಗಿನ ಜಾವಕ್ಕೆ ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ಮೇಷ್ಟ್ರ ಉಸಿರು ಹದಕ್ಕೆ ಬಂದಿತ್ತು, ಇವಳದು ಹದ ತಪ್ಪಿತ್ತು.

ಅಂದಿನಿಂದ ಸಾಲಿನ ಕೊನೆಯ ಜಾಗ ಅವಳದಾಯಿತು. ಇರುಳಲ್ಲಿ ಕೋಟೆ ಹತ್ತುವವರಲ್ಲಿ ಒಂದು ರೂಢಿಯಿದೆ. ಮುಂದೆ ದಾರಿ ಬಲ್ಲವನು, ಕೊನೆಯಲ್ಲಿ ಅವನು ನಂಬಿದವರು. ಕೊನೆಯವರ ಬೆನ್ನಿಗೆ ಕತ್ತಲೆ ಬಿಟ್ಟರೆ ಇನ್ಯಾರೂ ಇಲ್ಲ. ಹಗಲಿನಲ್ಲಿ ಪುಣೆಯ ಕಣ್ಣಾಸ್ಪತ್ರೆಯಲ್ಲಿ ಕೂತು ಜನರ ಕನ್ನಡಕದ ನಂಬರ್ ನೋಡುವ ಮುಕ್ತಾ, ಆ ಕತ್ತಲೆಗೆ ಬೆನ್ನು ಕೊಟ್ಟು ನಡೆಯುವಾಗ ರಾಜಕುಮಾರಿಗಿಂತ ಒಂದು ಗೇಣು ಎತ್ತರವಾಗುತ್ತಿದ್ದಳು.

ಆದರೆ ನೋಡಿ, ಒಬ್ಬರು ಸಾಲಿನ ತುದಿ, ಒಬ್ಬರು ಬುಡ. ಎರಡು ವರ್ಷದಲ್ಲಿ ಇಬ್ಬರೂ ಜೊತೆಯಾಗಿ ಹತ್ತು ಹೆಜ್ಜೆ ನಡೆದದ್ದಿಲ್ಲ! ದಾರಿ ತಿರುವು ತೆಗೆದುಕೊಂಡಲ್ಲಿ ಮಾತ್ರ, ಎಲ್ಲೋ ಮೇಲೆ ಅವನ ಬೆಳಕು ಒಮ್ಮೆ ಸುತ್ತು ಹಾಕುತ್ತಿತ್ತು. ಎಲ್ಲ ಸರಿಯಾ? ಇವಳ ಬೆಳಕು ಸುತ್ತು ಹಾಕುತ್ತಿತ್ತು. ಸರಿ.

ಅಷ್ಟರ ಮೇಲೆಯೇ ಹುಚ್ಚು ಹುಡುಗಿ ಏಳು ಅಂಕಣದ ಮನೆ ಕಟ್ಟಿಕೊಂಡಿದ್ದಳು.

ಹೋದ ತಿಂಗಳು ಆ ಮನೆ ಅಲುಗಾಡಿತು. ಯಾರೋ ಹೊಸಬ, ನೀರಿನ ತೊಟ್ಟಿಯ ಬಳಿ ಶೂ ಬಿಚ್ಚಿ ಕೂತವನು ಹಿಂದೆಯೇ ಉಳಿದುಬಿಟ್ಟ. ಮುಕ್ತಾ ಗಮನಿಸಿದ್ದು ಬಹಳ ದೂರ ಬಂದ ಮೇಲೆ. ಒಬ್ಬಳೇ ಹಿಂದಕ್ಕೆ ಹೋಗಿ ಅವನನ್ನು ಎಬ್ಬಿಸುವ ಹೊತ್ತಿಗೆ ಸಾರಂಗ ಓಡಿ ಬಂದಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನು ಒಮ್ಮೆ ನೋಡಿದವನು ಒಂದು ಮಾತೂ ಆಡದೆ ಮುಂದಕ್ಕೆ ಹೊರಟುಹೋದ.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಕೊನೆಯಿರುತ್ತದೆ...

ಈ ಬುಧವಾರ ಸಂಜೆ ಸದಾಶಿವ ಪೇಟೆಯ ಚಹಾದಂಗಡಿಯಲ್ಲಿ ಎಲ್ಲರೂ ಸೇರಿದರು. ಶನಿವಾರ ಬೈಕ್‌ನಲ್ಲಿ ಹೊರಟು ಕೋಟೆಯ ಬುಡದ ಗುಂಜವಣೆ ಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ಇರುಳೆಲ್ಲ ಹತ್ತಿ, ರಾಜಗಡದ ಮೇಲೆ ಸೂರ್ಯೋದಯ. ಅಕ್ಕಿ ಬೇಳೆ ಯಾರು ತರಬೇಕು, ದೊಡ್ಡ ಪಾತ್ರೆ ಯಾರ ಗಾಡಿಗೆ, ಪಂಕ್ಚರ್ ಸಾಮಾನು ಯಾರ ಬಳಿ ಎಂದು ಚರ್ಚೆ ನಡೆಯಿತು. ಆ ಹಳ್ಳಿಯ ಮನೆಯವರಿಗೆ ಮೊದಲೇ ಫೋನ್ ಮಾಡಿ ಕಡಲೆಹಿಟ್ಟಿನ ಪಿಠ್ಲ, ಭಾಕರಿ ರೊಟ್ಟಿ ಹೇಳದಿದ್ದರೆ ಹೋದ ಸಲದಂತೆ ಬಿಸ್ಕತ್ತೇ ಗತಿ ಎಂದು ಪುಷ್ಕರ ಎಚ್ಚರಿಸಿದ. ಗುಂಪಿನಲ್ಲಿ ತಿನ್ನುವ ಖಾತೆ ಅವನದು, ನಗಿಸುವ ಖಾತೆಯೂ ಅವನದೇ.

ಆಗ ಸಾರಂಗ ಚಹಾದ ಲೋಟ ಕೆಳಗಿಟ್ಟು, ಅವಳತ್ತ ನೋಡದೆ ಹೇಳಿದ: "ಈ ಸಲ ಹಿಂದೆ ಪುಷ್ಕರ ಇರ್ಲಿ. ಮುಕ್ತಾ ನಡುವೆ."

ನಡುವೆ! ಹೊಸಬರನ್ನು, ಉಸಿರು ಸಾಲದವರನ್ನು ನಡೆಸುವ ಜಾಗ.

ಪುಷ್ಕರ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು. ಮುಕ್ತಾಳೂ ನಕ್ಕಂತೆ ಮಾಡಿದಳು. ಆಮೇಲೆ ಮನೆಯಲ್ಲಿ ಅಜ್ಜಿಗೆ ಮಾತ್ರೆ ಕೊಡಬೇಕು ಎಂದು ನೆಪ ಹೇಳಿ, ಅರ್ಧ ಚಹಾ ಬಿಟ್ಟು ಎದ್ದಳು. ಸಾರಂಗ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ಕೇಳುವ ತ್ರಾಣ ಅವಳಿಗಿರಲಿಲ್ಲ. ದಾರಿಯಲ್ಲೇ ಗುಂಪಿನ ವಾಟ್ಸಾಪ್‌ನ ಬಾಯಿ ಮುಚ್ಚಿಸಿದಳು.

ಅದಾದ ಮೇಲೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಆಸ್ಪತ್ರೆಯಲ್ಲಿ ಅಜ್ಜನೊಬ್ಬರಿಗೆ ಒಂದೇ ಸಾಲಿನ ಅಕ್ಷರಗಳನ್ನು ಮತ್ತೆ ಮತ್ತೆ ಓದಿಸಿದಳು. ಬೆನ್ನಚೀಲ ತುಂಬಿದಳು, ಖಾಲಿ ಮಾಡಿದಳು, ಮತ್ತೆ ತುಂಬಿದಳು. 'ಅವನ ಕೈಯಿಂದ ನನಗೆ ಸಿಕ್ಕಿದ್ದು ಅದೊಂದೇ ಜಾಗ. ಅದನ್ನೂ ಕಿತ್ಕೊಂಡ. ಇನ್ನು ಯಾವ ಮುಖ ಹೊತ್ತು ಹೋಗಲಿ?'

ಹೋಗುವುದಿಲ್ಲ ಎಂದು ನಿರ್ಧರಿಸಿದಳು. ಗುಂಪನ್ನೇ ಬಿಡುವುದು. ಕೊನೆಯವರ ಬಳಿ ಇರಬೇಕಾದ ಹಗ್ಗ, ಔಷಧಿಯ ಚೀಲ ಅವಳ ಮನೆಯಲ್ಲಿದ್ದವು. ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದಾಗ ಅಜ್ಜಿ ಭಾಕರಿ ತಟ್ಟುತ್ತಲೇ ಅಂದರು: "ಪಡೆದದ್ದು ನಿನ್ನ ಕೈಲಿ. ಕೊಡೋದಕ್ಕೆ ಇನ್ಯಾರ ಕೈಯವ್ವಾ?"

ಶನಿವಾರ ಹೊತ್ತು ಇಳಿಯುವಾಗ ಮುಕ್ತಾ ಸ್ವಾರಗೇಟ್‌ನ ಆಚೆಯ ಚಹಾಗಾಡಿಯ ಬಳಿ ರಿಕ್ಷಾ ಇಳಿದಳು. ಬೈಕ್‌ಗಳು ಸಾಲಾಗಿ ನಿಂತಿದ್ದವು.

ಹಗ್ಗ, ಚೀಲ ಎರಡನ್ನೂ ಪುಷ್ಕರನ ಮುಂದೆ ಹಿಡಿದಳು. ಇದನ್ನು ಕೊಡಲೆಂದೇ ಬಂದೆ, ನಾನು ಬರುತ್ತಿಲ್ಲ ಎಂದಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬರೀ ಕೊಡೋಕೆ ಬಂದೋಳು ಕೋಟೆ ಹತ್ತೋ ಶೂ ಯಾಕೆ ಹಾಕ್ಕೊಂಡಿದ್ದೀಯ, ಮುಕ್ತಾಬಾಯಿ?"

ಮುಕ್ತಾ ತನ್ನ ಕಾಲು ನೋಡಿಕೊಂಡಳು. ಮುಖ ಕಿವಿಯವರೆಗೂ ಬಿಸಿಯಾಯಿತು.

"ಗ್ರೂಪಲ್ಲಿ ಹಾಕಿದ್ದು ನೋಡ್ಲಿಲ್ವಾ? ಇವತ್ತು ಮುಂದೆ ನಡೆಯೋಳು ಈಶ್ವರಿ." ಪುಷ್ಕರ ಹಗ್ಗ ಮುಟ್ಟದೆ ಗದ್ದ ಎತ್ತಿ ಅತ್ತ ತೋರಿಸಿದ. ಹೋದ ವರ್ಷವಷ್ಟೇ ಸೇರಿದ ಈಶ್ವರಿ ದೊಡ್ಡ ಟಾರ್ಚ್ ಹಿಡಿದು ನಿಂತಿದ್ದಳು. "ಸಾಹೇಬ್ರು ರಾಜೀನಾಮೆ ಕೊಟ್ಟಿದ್ದಾರೆ. ಯಾಕೆ ಅಂತ ಅವರನ್ನೇ ಕೇಳು, ನಮಗಂತೂ ಹೇಳಲ್ಲ."

ಸಾರಂಗ ತನ್ನ ಬೈಕ್‌ನ ಹಿಂದಿನ ಸೀಟಿಗೆ ದೊಡ್ಡ ಪಾತ್ರೆ ಕಟ್ಟುತ್ತಿದ್ದ. ಲಿಫ್ಟ್ ಕಂಪನಿಯಲ್ಲಿ ದಿನವಿಡೀ ಉಕ್ಕಿನ ಹಗ್ಗ ಬಿಗಿಯುವವನಿಗೆ ಇವತ್ತು ಒಂದು ಗಂಟು ಕೂರುತ್ತಿರಲಿಲ್ಲ. ಮುಕ್ತಾ ಎದುರಿಗೆ ಹೋಗಿ ನಿಂತಳು.

"ಆ ಹೊಸಬ ಹಿಂದೆ ಉಳಿದದ್ದಕ್ಕೆ ತಾನೆ ನನ್ನ ಜಾಗ ತೆಗೆದದ್ದು? ಬಾಯಿಬಿಟ್ಟು ಹೇಳಬಹುದಿತ್ತು."

"ಅವನು ಉಳಿದಿದ್ದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ." ಅವನು ಗಂಟು ಬಿಟ್ಟ. "ತಿರುವಿನಲ್ಲಿ ಬೆಳಕು ಸುತ್ತಿದೆ. ನೀನು ತಿರುಗಿ ಸುತ್ತಲಿಲ್ಲ. ಅಷ್ಟೇ ಗೊತ್ತಾಗಿದ್ದು."

"ಅದಕ್ಕೆ?"

"ಅದಕ್ಕೆ ಓಡಿದೆ. ಬಂಡೆಯ ಅಂಚಲ್ಲಿ, ಕಾಲಿಡೋಕೆ ಜಾಗ ಇಲ್ಲದ ಕಡೆ, ಅಷ್ಟೂ ಜನರನ್ನ ಕತ್ತಲಲ್ಲಿ ನಿಲ್ಲಿಸಿ ಓಡಿದೆ, ಮುಕ್ತಾ. ಯಾರಾದ್ರೂ ಜಾರಿದ್ರೆ? ಕೆಳಗೆ ಬಂದು ನಿನ್ನ ಮುಖ ನೋಡಿದ ಮೇಲೇ ಅವರ ನೆನಪಾಗಿದ್ದು." ಅವನ ಧ್ವನಿ ಕುಸಿಯಿತು. "ಒಬ್ಬಳಿಗೋಸ್ಕರ ಎಲ್ಲರನ್ನೂ ಮರೆಯೋನು ಮುಂದೆ ನಡೀಬಾರದು. ತಪ್ಪು ನಿಂದಲ್ಲ, ನಂದು. ನಡುವೆ ನಿನ್ನ ಜೊತೆ ನಡೆಯೋಣ ಅಂದ್ಕೊಂಡೆ... ಹೇಳೋಷ್ಟರಲ್ಲಿ ನೀನು ಎದ್ದು ಹೋದೆ."

ಹೆದ್ದಾರಿಯ ಸದ್ದೆಲ್ಲ ಯಾವುದೋ ಬಾವಿಗೆ ಬಿದ್ದಂತಾಯಿತು. ಒಂದು ತಿಂಗಳು ತಾನು ತಿರಸ್ಕಾರವೆಂದು ಹೊತ್ತು ತಿರುಗಿದ ಆ ಮೌನ... ಅದು ಹೆದರಿಕೆಯಾಗಿತ್ತು. ತನ್ನನ್ನು ಕಳೆದುಕೊಳ್ಳುವ ಹೆದರಿಕೆ!

ಕಣ್ಣು ತುಂಬಿತು. ಆದರೆ ಮುಕ್ತಾ ಸುಮ್ಮನೆ ಕರಗುವ ಹುಡುಗಿಯಲ್ಲ.

"ನಿನ್ನ ಜಾಗ ನೀನು ಬಿಟ್ಕೊಟ್ಟೆ, ಒಳ್ಳೇದು. ನನ್ನ ಜಾಗ ಬಿಟ್ಕೊಡೋಕೆ ನೀನ್ಯಾರು? ಕೇಳಬೇಕಿತ್ತು ನನ್ನನ್ನ."

ಅವನು ತಲೆ ತಗ್ಗಿಸಿದ. "ಕೇಳಬೇಕಿತ್ತು."

"ನಾನು ನಡುವೆ ನಡೆಯಲ್ಲ. ಹಿಂದೆಯೇ ಇರ್ತೀನಿ. ಅಲ್ಲಿ ನಂಗೆ ಹೆದರಿಕೆ ಆಗಲ್ಲ."

"ನಂಗಾಗುತ್ತೆ," ಎಂದ ಅವನು, ಮೆಲ್ಲಗೆ.

"ಹಾಗಾದ್ರೆ ಬಾ. ನೀನೂ ಹಿಂದೆ ಬಾ. ಕೊನೇಲಿ ಒಬ್ಬರೇ ಇರಬೇಕು ಅಂತ ಯಾವ ಕೋಟೆ ಕಲ್ಲಲ್ಲಿ ಕೆತ್ತಿದ್ದಾರೆ?"

ಸಾರಂಗ ತಲೆಯೆತ್ತಿದ. ತಿರುವುಗಳಾಚೆಯ ಬೆಳಕಾಗಿಯಷ್ಟೇ ಬಲ್ಲ ಹುಡುಗಿಯನ್ನು ಮೊದಲ ಸಲ ಕಣ್ತುಂಬ ನೋಡಿದ.

ದೂರದಿಂದ ಪುಷ್ಕರ, ಹಾಗಾದರೆ ತನ್ನ ಕೆಲಸ ಹೋಯಿತಾ, ನಡುವೆ ನಡೆದು ಧಾರಾಳವಾಗಿ ತಿನ್ನಬಹುದಾ ಎಂದು ವಿಚಾರಿಸಿದ. ಒಂದೊಂದೇ ಗಾಡಿ ಗುರುಗುಟ್ಟತೊಡಗಿತು.

ಮುಕ್ತಾ ಹಗ್ಗವನ್ನು ಹೆಗಲಿಗೆ ಏರಿಸಿಕೊಂಡಳು. ಅವನ ಬೈಕ್‌ನ ಹಿಂದಿನ ಸೀಟು ನೋಡಿದಳು.

"ಇಲ್ಲಿ ಯಾರು ಕೂರ್ತಾರೆ?"

"ಪಾತ್ರೆ."

"ಇಳಿಸು."

ಅವನು ಇಳಿಸಿದ.