ತೂಬಿನ ಬೆಳ್ಳವ್ವನೂ ಮಾತು ನುಂಗಿದ ಗುಳುಂಕನೂ

ಬಹಳ ಹಿಂದೆ, ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತಿದ್ದ ಕಾಲದಲ್ಲಿ, ನುಡಿಗೆರೆ ಎಂಬ ರಾಜ್ಯವಿತ್ತು. ಅಲ್ಲಿಯ ಹೊಳೆಯಲ್ಲಿ ನೀರಿನ ಜೊತೆ ಮಾತೂ ಹರಿಯುತ್ತಿತ್ತು. ಬೆಟ್ಟದ ಕೋಟೆಯವರು ಹೊಳೆಗೆ ಬಗ್ಗಿ ಮಾತಾಡಿದರೆ ಕೆಳಗಿನ ಊರಿನವರು ಬಿಂದಿಗೆ ತುಂಬಿ, ಕಿವಿಗೆ ಹಿಡಿದು ಕೇಳುತ್ತಿದ್ದರು.

ಹೊಳೆಯ ತೂಬು ಬೆಳ್ಳವ್ವನ ಕೈಯಲ್ಲಿತ್ತು. ಊರು ಉಣ್ಣಲು ಕೂತಾಗ ಅವಳು ತೂಬು ಮುಚ್ಚುವಳು. ಬಾಯಲ್ಲಿ ತುತ್ತಿಟ್ಟುಕೊಂಡವರಿಗೆ ಕೇಳಲು ಪುರುಸೊತ್ತೆಲ್ಲಿ? ಆದರೆ ಮುಚ್ಚುವ ಮೊದಲು ಪಕ್ಕದ ಮರಿಗೆರೆಯ, ಅಂದರೆ ಪುಟ್ಟ ಕೆರೆಯ, ಬಾಯಿ ತೆರೆಯುವಳು. ಬಂದ ಮಾತೆಲ್ಲ ಅಲ್ಲಿ ಸಾಲಾಗಿ ಕಾಯುತ್ತಿತ್ತು. ಊರಿನವರು ಕೈ ತೊಳೆದು ತಮಟೆ ಬಡಿದರೆ ಮತ್ತೆ ತೂಬು ತೆರೆಯುವಳು. ಮೊದಲು ಕಾದಿದ್ದ ಮಾತು, ಆಮೇಲೆ ಹೊಸ ಮಾತು. ಅದು ಅಲ್ಲಿಯ ಕಟ್ಟಳೆ.

ಅವಳ ಗಂಡ ಮಾಚ ಬೆಟ್ಟದ ಕೋಟೆಯಲ್ಲಿ ಕಾವಲುಗಾರ. ದಿನವೂ ಅವನಿಂದ ಒಂದೇ ಮಾತು: "ಬೆಳ್ಳೀ, ಉಂಡ್ಯಾ?"

"ಬೇರೆ ಮಾತೇ ಗೊತ್ತಿಲ್ವೇನೋ ಈ ಮಾರಾಯನಿಗೆ!" ಎಂದು ಬಿಂದಿಗೆಗೇ ಮೂತಿ ತಿರುವುವಳು. ಆದರೆ ಅದನ್ನು ಕೇಳದೆ ಒಂದು ದಿನವೂ ತುತ್ತೆತ್ತಿದವಳಲ್ಲ.

ಒಂದು ದಿನ ಹೊಳೆ ಬತ್ತಿತು. ಬೆಟ್ಟದಿಂದ ಓಡಿಬಂದ ಕುರುಬ ಸುದ್ದಿ ತಂದ. ಗುಳುಂಕ ಎಂಬ ಮಾಂತ್ರಿಕ ಹೊಳೆಯ ಹುಟ್ಟಿಗೇ ಬಾಯಿಟ್ಟು ಕುಡಿಯುತ್ತಿದ್ದಾನೆ. ಅವನು ಯಾರ ಮಾತು ನುಂಗಿದನೋ ಅವರು ಪಾದದಿಂದ ಮೇಲಕ್ಕೆ ಕಲ್ಲಾಗುತ್ತಿದ್ದಾರೆ. ಮಾಚನೂ ಕಲ್ಲಾಗುತ್ತಿದ್ದಾನೆ. ನುಂಗಿದ ಮಾತು ಕೇಳಬೇಕಾದವರ ಕಿವಿ ಮುಟ್ಟಿದರಷ್ಟೇ ಕಲ್ಲಾದವರಿಗೆ ಬಿಡುಗಡೆ.

"ಹೊಟ್ಟೆ ಸೀಳಿಬಿಡಿ ಅವನದು!" ರಾಜ ಗುಡುಗಿದ.

"ಬೇಡ ಬುದ್ಧಿ!" ಎಂದಳು ಬೆಳ್ಳವ್ವ. "ಅಷ್ಟೂ ಒಟ್ಟಿಗೆ ನುಗ್ಗಿದರೆ ಊರೇ ಕೊಚ್ಚಿಹೋಗುತ್ತೆ. ತೂಬಿನ ಕೆಲಸ ನನ್ನದು, ನಾನೇ ಹೋಗ್ತೀನಿ. ಬಿಂದಿಗೆ ಖಾಲಿಯಾದಾಗ ನೀವು ತಮಟೆ ಬಡೀರಿ, ತುಂಬಿದಾಗ ನಿಲ್ಲಿಸಿ. ಅಷ್ಟು ಸಾಕು."

ರಾಜನಿಗೇ ತಮಟೆ ಕೊಟ್ಟು ಹೊರಟಳು ನೋಡಿ, ಎಂಥ ಗಟ್ಟಿಗಿತ್ತಿ!

ದಾರಿಯಲ್ಲೊಂದು ಮಾಯದ ಕರಡಿ ಅಳುತ್ತಿತ್ತು. ಅದರ ಕಣ್ಣೀರಿಗೆ ದಾರಿಯೇ ಮುಳುಗಿತ್ತು. "ಅಳಬೇಡ ಅನ್ನಲ್ಲ ಕಣಪ್ಪ. ನಾನು ಆಚೆ ದಡ ಸೇರೋತನಕ ತಡಿ. ಆಮೇಲೆ ಉಳಿದದ್ದನ್ನ ಅಳು, ಕೂತು ಕೇಳ್ತೀನಿ" ಎಂದಳು ಬೆಳ್ಳವ್ವ. ಕರಡಿ ತಡೆಯಿತು. ಅವಳು ದಾಟಿದಳು, ಕೂತಳು, ಪೂರ್ತಿ ಕೇಳಿದಳು. ಹಗುರಾದ ಕರಡಿ ಅವಳ ಹಿಂದೆಯೇ ಹೊರಟಿತು.

ಮುಂದೆ ಬೆಂಕಿಗಿಳಿಗಳು ಮುತ್ತಿಕೊಂಡವು. ಎಲ್ಲವೂ ಒಟ್ಟಿಗೆ "ಯಾರು? ಎಲ್ಲಿಗೆ? ಯಾಕೆ?" ಎಂದು ಕಿರುಚಿದರೆ ಕಿವಿ ಸುಡುತ್ತಿತ್ತು. "ಥೂ, ಸಂತೆಯೇ ಇದು? ಒಬ್ಬೊಬ್ಬರೇ ಕೇಳಿ! ಮಿಕ್ಕವರು ಕೊಂಬೆ ಮೇಲೆ ಕೂತ್ಕೊಳ್ಳಿ" ಎಂದು ಗದರಿದಳು. ಗಿಳಿಗಳು ಸಾಲಾಗಿ ಕೂತವು. ಸರದಿ ಬಂದಂತೆ ಒಂದೊಂದರ ಬೆಂಕಿಯೂ ಆರಿತು. ಅವೂ ಜೊತೆಗೆ ಹಾರಿದವು.

ಬೆಟ್ಟದ ತುದಿಯಲ್ಲಿ ಗುಳುಂಕ ಗುಡ್ಡದಂಥ ಹೊಟ್ಟೆ ಹೊತ್ತು ಕೂತಿದ್ದ. ಪಕ್ಕದ ಕೋಟೆಬಾಗಿಲಲ್ಲಿ ಮಾಚ ಎದೆಯವರೆಗೆ ಕಲ್ಲಾಗಿದ್ದ. ಬೆಳ್ಳವ್ವ ಕಣ್ಣೊರೆಸಿಕೊಂಡು ಕರಡಿಯಿಂದ ಒಂದು ಮರಿಗೆರೆ ತೋಡಿಸಿದಳು. ತಮಟೆ ಸದ್ದು ಹೊತ್ತು ತರಲು ಗಿಳಿಗಳನ್ನು ಸಾಲಾಗಿ ನಿಲ್ಲಿಸಿದಳು.

"ಅಣ್ಣಾ, ಇಷ್ಟೊಂದು ಕುಡಿದೆಯಲ್ಲ, ಮೊದಲು ನುಂಗಿದ ಮಾತು ಯಾವುದು? ಮರೆತೋಯ್ತೋ ಏನೋ ಪಾಪ!"

"ಮರೆಯೋದಕ್ಕೆ ನಾನೇನು ನಿನ್ನ ರಾಜನಾ?" ಎಂದು ಗುಳುಂಕ ತಾನು ಮೊದಲು ನುಂಗಿದ ಮಾತನ್ನು ಆಡಿಯೇಬಿಟ್ಟ. ಆಡಿದ್ದೇ ತಡ, ಅದು ಅವನ ಹೊಟ್ಟೆಯಿಂದ ಮರಿಗೆರೆಗೆ ಬಿದ್ದು ಹೊಳೆ ಸೇರಿತು.

"ಆಮೇಲೆ?" ಎಂದಳು. ಜಂಬಗಾರ ಇನ್ನೊಂದು ಆಡಿದ. "ಆಮೇಲೆ?" ಮತ್ತೊಂದು. ಊರಿನಲ್ಲಿ ಮಾತು ಮುಟ್ಟಿದಂತೆ ಕೋಟೆಯಲ್ಲಿ ಕಲ್ಲಾದವರು ಒಬ್ಬೊಬ್ಬರಾಗಿ ಮೈಮುರಿದು ಎದ್ದರು.

ಅಷ್ಟರಲ್ಲಿ ಗಿಳಿಗಳು ಕೂಗಿದವು: "ತಮಟೆ ನಿಂತಿತು!" ಊರಿನ ಬಿಂದಿಗೆಗಳು ತುಂಬಿದ್ದವು. ಮರಿಗೆರೆಯೂ ತುಳುಕುತ್ತಿತ್ತು. ಮಾಚನ ಮಾತು ಎಲ್ಲಕ್ಕಿಂತ ಕೊನೆಯದು, ಕಲ್ಲು ಅವನ ಕುತ್ತಿಗೆ ಮುಟ್ಟಿತ್ತು.

ಗುಳುಂಕನಿಗೆ ಆಗ ಅವಳ ಆಟ ತಿಳಿಯಿತು. "ನಿನ್ನ ಗಂಡನ ಮಾತು ಸಾಲಿನ ಕೊನೆಯಿಂದ ಎಳೆದು ಕೊಡಲೇನಮ್ಮ?" ಎಂದು ಹಲ್ಲು ಕಿರಿದ. ಎಳೆದರೆ ಅದರ ಮುಂದಿರುವುದೆಲ್ಲ ಒಟ್ಟಿಗೆ ನುಗ್ಗಿ ಊರು ಮುಳುಗುತ್ತದೆ. ಅದು ಇಬ್ಬರಿಗೂ ಗೊತ್ತು.

ಬೆಳ್ಳವ್ವ ಮಾಚನ ಮುಖ ನೋಡಿದಳು. ಅವನು ಮೆಲ್ಲಗೆ ಕಣ್ಣು ಮುಚ್ಚಿ ತೆರೆದ. ತೂಬಿನವಳ ಗಂಡನಲ್ಲವೇ, ಅವನಿಗೂ ಕಟ್ಟಳೆ ಗೊತ್ತಿತ್ತು.

"ಬೇಡ. ಮತ್ತೆ ತಮಟೆ ಬಡಿಯೋತನಕ ಬಾಯಿ ಮುಚ್ಕೊಂಡಿರು. ನಡುವೆ ಒಂದು ಮಾತು ಮರೆತೆಯೋ, ಊರೆಲ್ಲ ನಗುತ್ತೆ."

ಜಂಬಕ್ಕೆ ಕಟ್ಟುಬಿದ್ದು ಗುಳುಂಕ ಬಾಯಿ ಮುಚ್ಚಿದ. ಕಲ್ಲು ಗಲ್ಲಕ್ಕೆ ಬಂತು. ತುಟಿಗೆ ಬಂತು. ಬೆಳ್ಳವ್ವ ಸೆರಗು ಕಚ್ಚಿ ನಿಂತಳು.

"ತಮಟೆ! ತಮಟೆ!" ಗಿಳಿಗಳು ಕೂಗಿದವು.

"ಆಮೇಲೆ? ಆಮೇಲೆ? ಆಮೇಲೆ?"

ಒಂದೊಂದೇ ಹರಿದವು. ಕೊನೆಗೆ ಗುಳುಂಕನ ಬಾಯಿಂದ ಮಾಚನದೇ ದನಿ ಬಂತು: "ಬೆಳ್ಳೀ, ಉಂಡ್ಯಾ?"

"ಇಲ್ಲ ಕಣಯ್ಯ! ನಿನ್ನ ಮಾತು ಕೇಳದೆ ಯಾವತ್ತು ಉಂಡಿದ್ದೀನಿ?" ಎಂದವಳು ಗೊಳೋ ಎಂದು ಅತ್ತುಬಿಟ್ಟಳು.

ಕಲ್ಲು ಕಳಚಿ ಬಿತ್ತು. ಗುಳುಂಕನ ಹೊಟ್ಟೆ ಬರಿದಾಗಿ, ಅವನು ಅಂಗೈಯಗಲದ ಕಪ್ಪೆಯಾಗಿ ಮರಿಗೆರೆಗೆ ಹಾರಿದ. ಕೆಳಗೆ ತಮಟೆ ಬಡಿದು ಬಡಿದು ರಾಜನ ಕೈಯಲ್ಲಿ ಬೊಬ್ಬೆ ಎದ್ದಿತ್ತು.

ನುಡಿಗೆರೆಯಲ್ಲಿ ಮತ್ತೆಂದೂ ಯಾರ ಮಾತೂ ಕಳೆಯಲಿಲ್ಲ, ಎಲ್ಲರೂ ನಗುನಗುತ್ತಾ ಬಾಳಿದರು. ಆವತ್ತು ಮಾತ್ರ ಬೆಳ್ಳವ್ವ ಹೊಳೆದಡದಲ್ಲೇ ಬುತ್ತಿ ಬಿಚ್ಚಿದಳು. ಮಾಚ ಎಂದಿನಂತೆ ಬಾಯಿ ತೆರೆದ. ಅವನು ಕೇಳುವ ಮೊದಲೇ ಅವಳು ಅವನ ಬಾಯಿಗೆ ತುತ್ತಿಟ್ಟಳು.