ಹದಿನೇಳನೇ ಗುರುತಿನ ಆಚೆ

ಬಸ್ಸು ಅವಳನ್ನು ದಾಟಿ ಹೋಗಿ, ನಂತೂರಿನ ತಿರುವಿನಲ್ಲಿ ಕಿರ್ರೆಂದು ನಿಂತಿತು.

ಫುಟ್‌ಬೋರ್ಡಿನಲ್ಲಿದ್ದ ಕಂಡಕ್ಟರ್ ಸೀಟಿ ಊದಿ ಕೈಬೀಸಿದ. "ನಿಧಾನ ಬನ್ನಿ ಮಾರಾಯ್ರೆ, ಬಿದ್ದೀರಿ. ನಿಮ್ಮನ್ನು ಬಿಟ್ಟು ಹೋಗುವುದಿಲ್ಲ."

ವಿನೋದಾಳಿಗೆ ಮೈಯೆಲ್ಲ ಉರಿಯಿತು. ಬೆಳ್ಳಂಬೆಳಗ್ಗೆ ರಸ್ತೆಯಲ್ಲಿ ಓಡುವ ಹೆಂಗಸು ಬಸ್ಸು ಹಿಡಿಯಲಿಕ್ಕೇ ಓಡುತ್ತಿರಬೇಕೆ?

"ನಾನು ಬಸ್ಸಿಗೆ ಓಡ್ತಾ ಇಲ್ಲ. ಸುಮ್ಮನೆ ಓಡ್ತಾ ಇದ್ದೇನೆ," ಎಂದಳು.

ಕಿಟಕಿಗಳಲ್ಲಿದ್ದ ಮುಖಗಳೆಲ್ಲ ನಕ್ಕವು. ಕಂಡಕ್ಟರ್ ಮಾತ್ರ ನಗಲಿಲ್ಲ. ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ. ಆ ತಗ್ಗಿದ ತಲೆ ಅವಳಿಗೆ ಆಮೇಲೂ ನೆನಪಿನಲ್ಲಿ ಉಳಿಯಿತು.

ಅವನ ಹೆಸರು ತಾರಾನಾಥ. ಬೋಳಾರದಿಂದ ಬಜಪೆಗೆ ಹೋಗುವ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಟಿಕೆಟ್ ಹರಿಯುತ್ತಿದ್ದ. ವಿನೋದಾ ಹುಡುಗಿಯರ ಶಾಲೆಯೊಂದರ ಡ್ರಿಲ್ ಟೀಚರ್. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮ್ಯಾರಥಾನ್ ಓಡಬೇಕೆಂದು ಹಟ ಹಿಡಿದವಳು. ಅದು ೧೯೮೩ರ ಜನವರಿ.

ಬೋಳಾರದಿಂದ ಬಜಪೆಗೆ ಎಷ್ಟು ದೂರ ಎಂದು ಅವಳು ಒಮ್ಮೆ ಕೇಳಿದಾಗ ಅವನು ಕಣ್ಣು ಮಿಟುಕಿಸದೆ ಉತ್ತರಿಸಿದ್ದ. ಟಿಕೆಟಿನ ಲೆಕ್ಕದಲ್ಲಿ ಹತ್ತು ಸ್ಟೇಜು, ಸ್ಟೇಜಿಗೆ ಎರಡು ಕಿಲೋಮೀಟರ್, ಹೋಗಿ ಬಂದರೆ ನಲವತ್ತು. ಕಂಡಕ್ಟರನ ಮಾತು ಅವಳಿಗೆ ವೇದವಾಕ್ಯವಾಯಿತು.

ಎಂಟು ತಿಂಗಳು, ಪ್ರತಿ ಭಾನುವಾರ ಅವಳು ಅದೇ ದಾರಿಯಲ್ಲಿ ಓಡಿದಳು. ಬಜಪೆಯಲ್ಲಿ ಬಸ್ಸು ತಿರುಗಲು ಕಾಯುವ ಹೊತ್ತಿನಲ್ಲಿ ತಾರಾನಾಥ ಒಂದು ಎಳನೀರಿನ ಬೊಂಡ ಕೆತ್ತಿಸಿ ಇಟ್ಟಿರುತ್ತಿದ್ದ. ಅದರ ನೀರು ಕುಡಿದು, ಎರಡು ಮಾತಾಡಿ, ಅವಳು ತಿರುಗಿ ಓಡುತ್ತಿದ್ದಳು.

ಒಮ್ಮೆ ಅವನೆಂದಿದ್ದ: "ಇಷ್ಟು ದಣಿಯುವುದು ಎಂತಕ್ಕೆ ಟೀಚರ್? ನೀವು ಓಡುವಾಗ ನನಗೆ ಸಂಕಟ ಆಗ್ತದೆ."

ಬೆಂಗಳೂರಿನಲ್ಲಿ ಮೂವತ್ತನಾಲ್ಕು ಕಿಲೋಮೀಟರ್ ಆಗುತ್ತಿದ್ದಂತೆ ಅವಳ ಕಾಲು ಕೈಕೊಟ್ಟಿತು. ಇನ್ನು ಎಂಟು ಉಳಿದಿತ್ತು. ಸೋತವರನ್ನು ಹೆಕ್ಕುವ ವ್ಯಾನಿನಲ್ಲಿ ಕೂತು ಅವಳು ಊರಿಗೆ ಮುಖ ತೋರಿಸುವುದು ಹೇಗೆಂದು ಯೋಚಿಸಿದಳು.

ಗಾಯದ ಮೇಲೆ ಬರೆ ಎಳೆದದ್ದು ಅಣ್ಣ ಮಹಾಬಲನ ಹೊಸ ಸ್ಕೂಟರು. ಅದರ ಮೀಟರಿನಲ್ಲಿ ಬಜಪೆಗೆ ಬರೀ ಹದಿನೇಳು! ಹೋಗಿ ಬಂದರೆ ಮೂವತ್ತನಾಲ್ಕು. ದೇಹ ಕಲಿತದ್ದು ಅಷ್ಟೇ, ನಿಂತದ್ದೂ ಅಲ್ಲೇ.

ಬಸ್‌ಸ್ಟ್ಯಾಂಡಿಗೆ ಹೋಗಿ ಅವನನ್ನು ಕೇಳಿದಳು. ತಾರಾನಾಥನ ಮುಖ ಬಿಳುಚಿತು, ತಲೆ ತಗ್ಗಿತು. ಹನ್ನೊಂದು ವರ್ಷ ಅದೇ ದಾರಿಯಲ್ಲಿ ಓಡಾಡಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಸಂಕಟ ಆಗುತ್ತದೆ ಎಂದಿದ್ದನಲ್ಲ... ದಣಿಯದಿರಲಿ ಎಂದು ಬೇಕೆಂದೇ ದಾರಿಯನ್ನು ಮೊಟಕು ಮಾಡಿದ್ದ. ಕೋಪ ಬಂದಾಗ ಹಳೆಯ ಮಾತುಗಳೆಲ್ಲ ಸಾಕ್ಷಿ ಹೇಳಲು ಸಾಲುಗಟ್ಟಿ ಬರುತ್ತವೆ.

"ನಿಮ್ಮ ಕರುಣೆ ನನಗೆ ಬೇಡ," ಎಂದು ಹೊರಟುಬಂದಳು. ಮರುವಾರ ಆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ತಾರಾನಾಥ ಕೇಳಿಕೊಂಡು ಬೇರೆ ಲೈನಿಗೆ ಹೋಗಿದ್ದ.

ವರ್ಷ ಕಳೆಯಿತು. ಬರುವ ಡಿಸೆಂಬರಿನಲ್ಲಿ ಮಂಗಳೂರಿನಿಂದ ಉಡುಪಿಗೆ ಅರುವತ್ತು ಕಿಲೋಮೀಟರಿನ ಓಟವೆಂದು ಕ್ಲಬ್ಬೊಂದು ಪೇಪರಿನಲ್ಲಿ ಹಾಕಿತು. ವಿನೋದಾ ಫಾರ್ಮ್ ತಂದಳು, ತುಂಬಿಸಲಿಲ್ಲ. ಅದು ಮೇಜಿನ ಮೇಲೆಯೇ ಬಿದ್ದಿತ್ತು.

ಓಡುವುದನ್ನು ಅವಳು ಬಿಟ್ಟಿರಲಿಲ್ಲ, ಬಜಪೆಯ ದಾರಿಯನ್ನು ಮಾತ್ರ ಬಿಟ್ಟಿದ್ದಳು. ಆದರೆ ಈಗಿನ ದಣಿವು ಕಾಲಿನದಲ್ಲ. ನಿದ್ದೆ ಮಾಡಿ ಎದ್ದರೂ ಅದು ಹಾಗೇ ಇರುತ್ತಿತ್ತು. ಯಾವ ದೂರವನ್ನು ನಂಬಬೇಕು, ಯಾರನ್ನು ನಂಬಬೇಕು ಎಂದೇ ತಿಳಿಯುತ್ತಿರಲಿಲ್ಲ. ಮಹಾಬಲ ಸಾಕು ಮಾಡು ಎಂದಿದ್ದ. ಅವಳಿಗೂ ಸಾಕಾಗಿತ್ತು.

ಫಾರ್ಮ್ ಕೊಡಲು ನಾಳೆ ಕೊನೆಯ ದಿನ. ದಸರಾ ರಜೆಯ ಆ ಮಂಗಳವಾರ ಅವಳು ಒಂದು ತೀರ್ಮಾನ ಮಾಡಿಕೊಂಡು ಮನೆಯಿಂದ ಹೊರಟಳು. ಬಜಪೆ ಮುಟ್ಟುವಷ್ಟರಲ್ಲಿ ಮನಸ್ಸು ಹೂಂ ಎನ್ನದಿದ್ದರೆ ಫಾರ್ಮ್ ಹರಿದು ಎಸೆಯುವುದು.

ದಾರಿಯುದ್ದಕ್ಕೂ ಕಂಬಗಳ ಮೇಲೆ ಸುಣ್ಣದಲ್ಲಿ ಬರೆದ ಅಂಕೆಗಳು. ರಸ್ತೆ ಕೆಲಸದವರದ್ದು ಇರಬೇಕು ಎಂದುಕೊಂಡಳು. ನಂತೂರು ದಾಟಿದ ಮೇಲೆ ಕೈಗಡಿಯಾರ ನೋಡಿ ತನ್ನ ವೇಗದ ಲೆಕ್ಕ ಹಾಕುತ್ತ ಹೋದಳು. ಒಂದೊಂದು ಅಂಕೆಗೂ ಸರಿಯಾಗಿ ಒಂದೊಂದು ಕಿಲೋಮೀಟರು! ಬಜಪೆಯಲ್ಲಿ ಹದಿನೇಳು.

ಮನಸ್ಸು ಹೂಂ ಎಂದಿರಲಿಲ್ಲ. ತಿರುಗಿ ಹೋಗಬೇಕಿತ್ತು. ಆದರೆ ಮುಂದೆ, ಕಟೀಲಿನ ದಾರಿಯಲ್ಲಿ, ಹದಿನೆಂಟು ಕಾಣುತ್ತಿತ್ತು. ಹೋದಳು. ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದರ ಸುಣ್ಣ ಇನ್ನೂ ಹಸಿಯಾಗಿತ್ತು.

ತಿರುವಿನ ಆಚೆ ಒಬ್ಬ ತಲೆ ತಗ್ಗಿಸಿಕೊಂಡು ಸೈಕಲ್ ತಳ್ಳುತ್ತಿದ್ದ. ಹ್ಯಾಂಡಲಿಗೆ ಸುಣ್ಣದ ಡಬ್ಬ, ಮುಂದಿನ ಚಕ್ರಕ್ಕೆ ಕಟ್ಟಿದ ಕೆಂಪು ಬಟ್ಟೆ. ಆ ತಗ್ಗಿದ ತಲೆ ಅವಳಿಗೆ ಗೊತ್ತಿತ್ತು.

"ತಾರಾನಾಥ..."

ತಾಳಿ ಎಂಬಂತೆ ಅವನು ಒಂದು ಕೈ ಎತ್ತಿದ. ತುಟಿ ಮಾತ್ರ ಅಲ್ಲಾಡುತ್ತಿತ್ತು. "ನೂರ ಎಂಬತ್ತೊಂದು... ನೂರ ಎಂಬತ್ತೆರಡು..."

ಕೆಂಪು ಬಟ್ಟೆ ಮೇಲೆ ಬಂದಾಗಲೆಲ್ಲ ಚಕ್ರದ ಒಂದು ಸುತ್ತು, ಸುತ್ತಿನ ಲೆಕ್ಕದಲ್ಲಿ ದೂರ. ಬೋಳಾರದಿಂದ ಇಲ್ಲಿಯವರೆಗೆ ಹೀಗೇ ಎಣಿಸಿಕೊಂಡು ಬಂದಿದ್ದಾನೆಯೇ? ಅವನ ಪಕ್ಕದಲ್ಲೇ ನಡೆಯುತ್ತ ಒಂದು ವರ್ಷದ ಕೋಪವನ್ನೆಲ್ಲ ಅವನ ಕಿವಿಗೆ ಸುರಿದಳು. ಅವನು ಎಣಿಸುತ್ತಲೇ ಇದ್ದ.

"ಗೊತ್ತಿದ್ದೇ ಸುಳ್ಳು ಹೇಳಿದ್ದಾ?"

ಚಕ್ರ ನಿಂತಿತು.

"ಇಲ್ಲ ಟೀಚರ್. ಸ್ಟೇಜ್ ಅಂದ್ರೆ ಎರಡು ಕಿಲೋಮೀಟರ್ ಅಂತಲೇ ನಾನು ನಂಬಿದ್ದು. ಜನ ಹತ್ತುವ ಜಾಗ ನೋಡಿ ಸ್ಟೇಜ್ ಇಟ್ಟದ್ದು, ದಾರಿ ಅಳೆದು ಅಲ್ಲ. ಅದು ಗೊತ್ತಾದದ್ದು ನೀವು ಬಸ್‌ಸ್ಟ್ಯಾಂಡಿಗೆ ಬಂದು ಕೇಳಿದ ದಿನ."

"ಆ ದಿನವೇ ಯಾಕೆ ಹೇಳಲಿಲ್ಲ?"

"ಎಂತ ಹೇಳುವುದು? ನಿಮ್ಮ ಎಂಟು ತಿಂಗಳು ಹಾಳು ಮಾಡಿ, ಗೊತ್ತಿರಲಿಲ್ಲ ಅಂದ್ರೆ ಮುಗೀತಾ?"

ಅವನ ಅಂಗಾಲು ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು. ಅರುವತ್ತರ ಓಟದ ಸುದ್ದಿ ಪೇಪರಿನಲ್ಲಿ ನೋಡಿದಂದಿನಿಂದ ರಜೆ ಸಿಕ್ಕಿದಾಗಲೆಲ್ಲ ಅಳೆಯುತ್ತಿದ್ದೇನೆ ಎಂದ. ಮೂವತ್ತರವರೆಗೆ ಗುರುತು ಹಾಕಿದರೆ, ಹೋಗಿ ಬಂದು ಅರುವತ್ತು. ಅವಳು ಓಡುತ್ತಾಳೋ ಇಲ್ಲವೋ, ದಾರಿಯಾದರೂ ಸರಿ ಇರಲಿ ಎಂದು.

ತನಗಿಂತ ಹೆಚ್ಚು ದಣಿದವನನ್ನು ಅವಳು ಅಂದೇ ನೋಡಿದ್ದು.

"ಲೆಕ್ಕ ತಪ್ಪಿತು," ಎಂದು ಅವನು ಸೈಕಲ್ ತಿರುಗಿಸಿದ. "ಇಪ್ಪತ್ತೊಂದರಿಂದ ಪುನಃ ಶುರು ಮಾಡಬೇಕು."

ಇಬ್ಬರೂ ಹಿಂದಕ್ಕೆ ನಡೆದರು. ಕಂಬದ ಬಳಿ ವಿನೋದಾ ಹೇಳಿದಳು: "ಈ ಸಲ ನಾನು ಎಣಿಸ್ತೇನೆ. ನೀವು ಮಾತಾಡಿ."

"ಎಂತ ಮಾತಾಡುವುದು?"

"ಒಂದು ವರ್ಷ ಹೇಳದೆ ಇಟ್ಟುಕೊಂಡದ್ದು."

ಚಕ್ರ ಉರುಳಿತು. ಅವಳು ಎಣಿಸಿದಳು. ನೂರು ದಾಟಿದ ಮೇಲೆ ಅವನು ಬಾಯಿ ಬಿಟ್ಟ, ಮುಖ ರಸ್ತೆಯ ಕಡೆಗೇ.

"ಸಂಕಟ ಆಗ್ತದೆ ಅಂದಿದ್ದೆ ಅಲ್ವಾ? ಅದು ಕರುಣೆ ಅಲ್ಲ ಟೀಚರ್. ಬಜಪೆಯಲ್ಲಿ ಬೊಂಡ ಕುಡಿದು ನೀವು ತಿರುಗಿ ಓಡುವಾಗ... ಮುಂದಿನ ಭಾನುವಾರಕ್ಕೆ ಇನ್ನೂ ಏಳು ದಿನ ಉಂಟಲ್ಲ ಅಂತ."

"ನೂರ ಹದಿನಾಲ್ಕು... ನೂರ..."

ಅವಳು ನಿಂತೇಬಿಟ್ಟಳು. ಕೆಂಪು ಬಟ್ಟೆ ಎರಡು ಮೂರು ಸಲ ಮೇಲೆ ಬಂದು ಹೋಯಿತು.

"ಎಷ್ಟಾಯ್ತು?" ಅವನು ತಿರುಗಿ ಕೇಳಿದ.

"ತಪ್ಪಿತು," ಎಂದಳು ವಿನೋದಾ, ಕಣ್ಣೊರೆಸಿಕೊಳ್ಳುತ್ತ.

"ಪುನಃ ಇಪ್ಪತ್ತೊಂದಕ್ಕಾ?"

"ಪುನಃ ಇಪ್ಪತ್ತೊಂದಕ್ಕೆ." ಅವಳು ಹ್ಯಾಂಡಲಿನ ಇನ್ನೊಂದು ಬದಿ ಹಿಡಿದಳು. "ಫಾರ್ಮ್ ನಾಳೆ ಕೊಟ್ಟರೆ ಸಾಕು. ಹೇಳಿ, ಏಳು ದಿನ ಉಂಟಲ್ಲ ಅಂತ... ಮತ್ತೆ?"