ನಿದ್ದೆ ಕೊಟ್ಟು ತಂಪು ಪಡೆದ ರಾಜ್ಯ

ಬಹಳ ಕಾಲದ ಹಿಂದೆ ಸಿರಿಬಳ್ಳಿ ಎಂಬ ರಾಜ್ಯವಿತ್ತು. ಅಲ್ಲಿ ಬಿಸಿಲು ಹೆಚ್ಚು, ದ್ರಾಕ್ಷಿ ಹೆಚ್ಚು, ನಿದ್ದೆ ಮಾತ್ರ ಕಡಿಮೆ. ಜನ ನಡೆಯುತ್ತಲೇ ತೂಕಡಿಸುತ್ತಿದ್ದರು. ರಾಜ ಬಲ್ಲರಸನಂತೂ ತೀರ್ಪು ಹೇಳುವಾಗ ಅರ್ಧಕ್ಕೇ ಆಕಳಿಸಿ, ಯಾರ ಪರವಾಗಿ ಹೇಳುತ್ತಿದ್ದೆ ಎಂದು ಮಂತ್ರಿಯನ್ನೇ ಕೇಳುತ್ತಿದ್ದ.

ಇದಕ್ಕೆ ಕಾರಣವಿತ್ತು. ಪ್ರತಿ ಮನೆಯವರೂ ಬಳ್ಳಿದೇವತೆಗೆ ಹಬ್ಬದ ದಿನ ಒಂದು ಬೇಸಗೆ ದಾಟಿ ಹಳೆಯದಾದ ದ್ರಾಕ್ಷಾರಸವನ್ನು ಎರೆಯಬೇಕಿತ್ತು. ಹುಳಿಯಾದ ರಸ ಎರೆದರೆ ಮುಂದಿನ ವರ್ಷ ಬಳ್ಳಿ ಕಾಯಿ ಬಿಡುತ್ತಿರಲಿಲ್ಲ. ಆ ಬಿಸಿಲಿನಲ್ಲಿ ರಸ ಕೆಡುತ್ತಲೇ ಇತ್ತು. ಅಜ್ಜಂದಿರ ಕಾಲದಲ್ಲಿ ಗುಡ್ಡದ ಮೇಲಿನ ಮಾಂತ್ರಿಕ ಶೀತಕೇತು ಬಂದ. ಅವನು ಒಂದು ಹಿಮದೆಮ್ಮೆಯನ್ನು ಮಂತ್ರದ ಹಗ್ಗದಲ್ಲಿ ಕಟ್ಟಿಹಾಕಿದ್ದ. ಅದರ ಉಸಿರನ್ನು ತೊಗಲಿನ ತಿದಿಯಲ್ಲಿ ತುಂಬಿಸಿ ಮನೆಮನೆಗೆ ಕಳಿಸತೊಡಗಿದ. ಕೋಣೆ ತಣ್ಣಗಾಯಿತು, ರಸ ಉಳಿಯಿತು. ಬದಲಿಗೆ ಅವನು ದೊಡ್ಡವರ ನಿದ್ದೆಯಲ್ಲಿ ಒಂದು ಜಾವ ತೆಗೆದುಕೊಂಡ. ಆಮೇಲೆ ಎರಡು. ಆಮೇಲೆ ಮೂರು.

ಒಂದೇ ಜಾವ ಉಳಿದಿದ್ದ ಕಾಲದಲ್ಲಿ ರಾಜನ ಊರಿನಲ್ಲಿ ಚಾಗವ್ವ ಎಂಬ ಹೆಂಗಸಿದ್ದಳು. ಗಂಡ ದುಗ್ಗಣ್ಣ, ಆರು ವರ್ಷದ ಮಗಳು ಹೊನ್ನಿ. ಚಾಗವ್ವ ಏನನ್ನೂ ಎರಡು ಸಲ ನೋಡದೆ ನಂಬುತ್ತಿರಲಿಲ್ಲ. ಈಗ ಎರಡನೆಯ ಸಲ ನೋಡುವ ಹೊತ್ತಿಗೆ ಮೊದಲ ಸಲ ನೋಡಿದ್ದು ಮರೆತುಹೋಗುತ್ತಿತ್ತು.

ಒಂದು ದಿನ ಶೀತಕೇತು ಆಸ್ಥಾನಕ್ಕೆ ಬಂದು, "ಅರಸರೇ, ಈ ವರ್ಷದಿಂದ ಮಕ್ಕಳ ನಿದ್ದೆಯೂ ಬೇಕು" ಎಂದ.

ರಾಜ ಕಣ್ಣುಜ್ಜಿಕೊಂಡ. ಬೇಡ ಎನ್ನಲು ಯಾರಿಗೂ ಶಕ್ತಿಯಿರಲಿಲ್ಲ.

ಹಿಂದಿನ ಸಾಲಿನಿಂದ ಚಾಗವ್ವ ಎದ್ದಳು. "ಸ್ವಾಮಿ, ತಂಪಿಲ್ಲದಿದ್ದರೆ ರಸ ಉಳಿಯುವುದೇ ಇಲ್ಲ ಅಂತ ಯಾರು ನೋಡಿದ್ದಾರೆ?"

"ನಿಮ್ಮ ಅಜ್ಜಂದಿರು ನೋಡಿದ್ದಾರೆ."

"ಅವರು ಎಲ್ಲಿಟ್ಟಿದ್ದರು, ಹೇಗಿಟ್ಟಿದ್ದರು?"

ಶೀತಕೇತು ನಕ್ಕ. ಗಾಜಿನ ಕುಪ್ಪಿಯೊಂದರಲ್ಲಿ ಹೊಸ ರಸ ತುಂಬಿಸಿ, ಮರದ ಬಿರಡೆ ಒತ್ತಿ ಅವಳ ಕೈಗೆ ಕೊಟ್ಟ. "ಬೇಸಗೆ ನಾಲ್ಕು ತಿಂಗಳು. ನಿನ್ನ ಮನೆಯಲ್ಲೇ ಇಡು, ನನ್ನ ತಿದಿ ಇಲ್ಲ. ನನ್ನ ಕಡೆಯ ಮೂವರು ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಹಬ್ಬದ ದಿನ ಹುಳಿಯಾಗಿರದಿದ್ದರೆ ಎಲ್ಲರ ನಿದ್ದೆ ವಾಪಸ್ಸು. ಹುಳಿಯಾಗಿದ್ದರೆ ಊರಿನ ಮಕ್ಕಳ ನಿದ್ದೆಯೆಲ್ಲ ನನ್ನದು. ನಿನ್ನ ಮಗಳದ್ದು ಮೊದಲು."

ಚಾಗವ್ವ ಮನೆಗೆ ಬಂದು ಹನ್ನೊಂದು ಬಟ್ಟಲುಗಳಲ್ಲಿ ಒಂದೊಂದು ಚಮಚ ತುಪ್ಪ ಹಾಕಿದಳು. ಅಟ್ಟ, ಅಡುಗೆಮನೆ, ಬಾವಿಕಟ್ಟೆ, ಮಂಚದ ಕೆಳಗೆ, ಹೀಗೆ ಹನ್ನೊಂದು ಕಡೆ ಇಟ್ಟಳು.

"ತುಪ್ಪ ಅನ್ನಕ್ಕೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು" ಎಂದ ದುಗ್ಗಣ್ಣ, ಗೋಡೆಗೊರಗಿಕೊಂಡೇ.

"ಇದು ಮನೆಗೆ ಬಡಿಸಿದ್ದು. ಸುಮ್ಮನಿರಿ."

ಏಳು ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿದಳು. ಅಟ್ಟದ ತುಪ್ಪ ಸದಾ ನೀರು. ಬಾವಿಕಟ್ಟೆಯದು ಬೆಳಿಗ್ಗೆ ಕಲ್ಲು, ಮಧ್ಯಾಹ್ನ ನೀರು. ನಡುಮನೆಯ ನೆಲದಡಿ, ಜೋಳ ತುಂಬಿಡುವ ಹಗೇವಿನೊಳಗೆ ಇಳಿಬಿಟ್ಟಿದ್ದ ಬಟ್ಟಲಿನ ತುಪ್ಪ ಮಾತ್ರ ಏಳು ದಿನವೂ ಒಂದೇ ತರಹ ಮೆತ್ತಗೆ ಹೆಪ್ಪುಗಟ್ಟಿತ್ತು.

"ಬೆಳಿಗ್ಗೆ ಬಾವಿಕಟ್ಟೆಯೇ ಹೆಚ್ಚು ತಣ್ಣಗಿರುತ್ತಲ್ಲೇ?" ಎಂದ ದುಗ್ಗಣ್ಣ.

"ತಣ್ಣಗೂ ಆಗುತ್ತೆ, ಬಿಸಿಯೂ ಆಗುತ್ತೆ. ಬಿಸಿಗೆ ರಸ ಉಬ್ಬಿ ಬಿರಡೆಯನ್ನು ತಳ್ಳುತ್ತೆ, ತಂಪಿಗೆ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ನನಗೆ ಬೇಕಾದದ್ದು ತಂಪಲ್ಲ, ಏರಿಳಿಯದ ಜಾಗ."

ಆ ವರ್ಷ ಹಗೇವು ಖಾಲಿಯಿತ್ತು. ಅವಳು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದಳು. ಆರಿತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಮುಚ್ಚಳ ತೆಗೆದಿಟ್ಟು ಒಂದು ದಿನ ಕಾದಳು. ಮತ್ತೆ ಇಳಿಸಿದಾಗ ದೀಪ ಉರಿಯುತ್ತಲೇ ಇತ್ತು. ಆಮೇಲೆ ತಾನು ಇಳಿದು, ಮರಳಿನ ಮೇಲೆ ಕುಪ್ಪಿಯನ್ನು ಅಡ್ಡ ಮಲಗಿಸಿದಳು. ರಸ ತಾಗುತ್ತಿದ್ದರೆ ಬಿರಡೆ ಒಣಗಿ ಕುಗ್ಗುವುದಿಲ್ಲ. ಮೇಲೆ ಕರಿ ಕಂಬಳಿ ಹೊದಿಸಿದಳು. ಹತ್ತಿ ಬಂದು ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿದಳು.

"ಹೊದಿಸಿ ಮಲಗಿಸಿದೆ" ಎಂದ ದುಗ್ಗಣ್ಣ. "ಈ ಮನೆಯಲ್ಲಿ ನಿದ್ದೆ ಅದಕ್ಕೊಂದಕ್ಕೆ."

ಮೊದಲು ಬೆಂಕಿನಾಯಿ ಬಂತು. ಅದರ ಮೈಯೆಲ್ಲ ಕೆಂಡ. ಮೂವತ್ತು ದಿನ ಮನೆಯ ಸುತ್ತ ತಿರುಗಿತು. ಗೋಡೆ ಸುಟ್ಟಿತು, ಬಾಗಿಲ ಹಿಡಿ ಮುಟ್ಟಲಾಗಲಿಲ್ಲ. ಚಾಗವ್ವ ಒದ್ದೆ ಸೀರೆ ಸುತ್ತಿಕೊಂಡು ಅಡುಗೆ ಮಾಡಿದಳು. ಆದರೆ ಮಣ್ಣಿಗೆ ಅವಸರವಿಲ್ಲ. ಶಾಖ ಎರಡು ಮೊಳ ಇಳಿಯುವಷ್ಟರಲ್ಲಿ ನಾಯಿಗೇ ಸಾಕಾಯಿತು. ಹೊನ್ನಿ ಮರುಗಿ ಒಂದು ಬಾಣಲೆ ನೀರಿಟ್ಟಳು. ನಾಯಿ ನಾಲಿಗೆ ಇಟ್ಟೊಡನೆ ನೀರು ಚುಂಯ್ ಎಂದು ಆರಿತು. ಅದು ಬಾಲ ಮಡಚಿಕೊಂಡು ಗುಡ್ಡ ಹತ್ತಿತು.

ಆಮೇಲೆ ಕನ್ನಡಿಗರಿಯ ನವಿಲು ಬಂತು. ಗರಿ ಬಿಚ್ಚಿದರೆ ಒಂದೊಂದು ಕಣ್ಣಿನಲ್ಲೂ ಒಂದೊಂದು ಸೂರ್ಯ. ಮನೆಯೊಳಗೆ ಸಂದಿಯಿದ್ದ ಕಡೆಯೆಲ್ಲ ಬೆಳಕು ಸೂಜಿಯಂತೆ ನುಗ್ಗಿತು. ಕಲ್ಲಿನ ಅಂಚಿನಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಅಲ್ಲಿಂದಲೂ ಒಂದು ಎಳೆ ಇಳಿಯಿತು. ಕಂಬಳಿ ಅದನ್ನು ನುಂಗಿತು. ಚಾಗವ್ವ ಬಿರುಕಿಗೆ ಮತ್ತೆ ಮಣ್ಣು ಮೆತ್ತಿದಳು. ಬೆಳಕು ನುಗ್ಗಿಸಲು ಸಂದಿಯೇ ಇಲ್ಲದೆ ನವಿಲು ಹೋಯಿತು.

ಮೂರನೆಯದು ಒಂದು ಗೊರವಂಕ. ಹಿಡಿಯಷ್ಟು ಹಕ್ಕಿ. ಅದಕ್ಕೆ ಬೆಂಕಿಯಿಲ್ಲ, ಬೆಳಕಿಲ್ಲ. ಕಿಟಕಿಯಲ್ಲಿ ಕೂತು ಚಾಗವ್ವನದೇ ದನಿಯಲ್ಲಿ ಮಾತಾಡಿತು.

"ಒಂದು ಸಲ ತೆಗೆದು ನೋಡು."

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಸಂಜೆ ಮನೆಯ ಹಿರಿಯರು ಬಿರಡೆ ತೆಗೆದು, ಒಂದು ಹನಿ ನಾಲಿಗೆಗೆ ಇಟ್ಟುಕೊಂಡು, ಚೆನ್ನಾಗಿದೆ ಎಂದು ಹೇಳಿ ಮುಚ್ಚುತ್ತಿದ್ದರು. ಹೇಳದಿದ್ದರೆ ಊಟ ಇಳಿಯುತ್ತಿರಲಿಲ್ಲ.

"ಹುಳಿಯಾಗಿದ್ದರೆ?" ಎಂದಿತು ಹಕ್ಕಿ. "ನೋಡದೆ ನಂಬುವವಳಾ ನೀನು? ಅಲ್ಲಿ ನಿನ್ನ ಮಗಳ ನಿದ್ದೆ ಇದೆ."

ಹತ್ತು ದಿನ ಹೀಗೇ. ಹನ್ನೊಂದನೆಯ ಮಧ್ಯಾಹ್ನ ಚಾಗವ್ವನ ಕೈ ಕಲ್ಲಿನ ಮೇಲಿತ್ತು. ಮಣ್ಣು ಕೆರೆಯಲು ಉಗುರು ಊರಿಯಾಗಿತ್ತು. ಪಕ್ಕದಲ್ಲಿ ಹೊನ್ನಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಚಾಗವ್ವ ಅವಳನ್ನೇ ನೋಡಿದಳು. ಎಬ್ಬಿಸಿ ಕೇಳಿದರೆ ನಿದ್ದೆ ಚೆನ್ನಾಗಿದೆ ಎನ್ನುತ್ತಾಳೆ. ಆದರೆ ಆಗ ನಿದ್ದೆ ಇರುವುದಿಲ್ಲ.

ಅವಳಿಗೆ ಅಜ್ಜಂದಿರ ರಸ ಏಕೆ ಕೆಟ್ಟಿತೆಂದು ತಿಳಿಯಿತು. ಬಿಸಿಲು ಕೆಡಿಸಿದ್ದು ಸ್ವಲ್ಪ. ದಿನಾ ಬಿರಡೆ ತೆಗೆದು ಗಾಳಿ ಕುಡಿಸಿದವರು ಅವರೇ.

"ನೋಡದೆ ಹೇಗೆ ಗೊತ್ತಾಗುತ್ತೆ?" ಎಂದಿತು ಹಕ್ಕಿ.

"ಗೊತ್ತಾಗುವುದಿಲ್ಲ" ಎಂದಳು ಚಾಗವ್ವ. ಅವಳ ಬಾಯಿಂದ ಅಂಥ ಮಾತು ಅದೇ ಮೊದಲು. ಹೇಳಲು ಕಷ್ಟವಾಯಿತು. ಆಮೇಲೆ ಅವಳು ಆ ಕಲ್ಲಿನ ಮೇಲೆ ಚಾಪೆ ಹಾಸಿ ಮಲಗಿಬಿಟ್ಟಳು. ಹಕ್ಕಿ ಕೂಗಿ ಕೂಗಿ ದನಿ ಒಡೆದು ಸುಮ್ಮನಾಯಿತು.

ಹಬ್ಬದ ದಿನ ಎಲ್ಲರೆದುರು ಮಣ್ಣು ಕೆರೆದು, ದೀಪ ಇಳಿಸಿ ನೋಡಿ, ಕುಪ್ಪಿ ತಂದರು. ಮಕ್ಕಳನ್ನು ಮುಂದೆ ನಿಲ್ಲಿಸಿದ್ದರು. ಶೀತಕೇತು ಆಗಲೇ ನಿದ್ದೆ ತುಂಬಿಡುವ ತನ್ನ ಚೀಲದ ಬಾಯಿ ಬಿಚ್ಚಿಕೊಂಡಿದ್ದ. ರಾಜ ಒಂದು ಗುಟುಕು ಕುಡಿದ. ಬಾಯೊಳಗೇ ಬಹಳ ಹೊತ್ತು ಇಟ್ಟುಕೊಂಡ. ನಿದ್ದೆ ಹೋದನೋ ಏನೋ ಎಂದು ಮಂತ್ರಿ ತಿವಿದ.

"ಹಳೆಯದಾಗಿದೆ" ಎಂದ ರಾಜ. "ಹುಳಿಯಾಗಿಲ್ಲ."

ಚೀಲ ಹರಿಯಿತು. ನೂರು ವರ್ಷದ ನಿದ್ದೆ ಬೂದಿಬಣ್ಣದ ಮಂಜಿನಂತೆ ಹೊರಬಿದ್ದು ತನ್ನತನ್ನವರನ್ನು ಹುಡುಕಿ ಹೋಯಿತು. ಊರವರ ನಿದ್ದೆಯಿಂದಲೇ ಬದುಕಿದ್ದ ಶೀತಕೇತುವಿನೊಳಗೆ ಅವನದೆನ್ನುವುದು ಏನೂ ಉಳಿಯಲಿಲ್ಲ. ಅಂಗೈಯಗಲದ ಹಿಮವಾಗಿ ಬಿಸಿಲಿಗೆ ಕರಗಿದ. ಗುಡ್ಡದ ಮೇಲೆ ಹಗ್ಗ ಕಡಿದು ಹಿಮದೆಮ್ಮೆ ತಿರುಗಿ ನೋಡದೆ ಬಡಗು ದಿಕ್ಕಿಗೆ ನಡೆಯಿತು.

ದೊಡ್ಡವರು ನಿಂತಲ್ಲೇ ಕುಸಿದು ಮಲಗಿದರು. ರಾಜ ಮಂತ್ರಿಯ ತೊಡೆಯ ಮೇಲೆ, ದುಗ್ಗಣ್ಣ ಭತ್ತದ ಮೂಟೆಯ ಮೇಲೆ. ಎಚ್ಚರವಿದ್ದವರು ಮಕ್ಕಳು ಮಾತ್ರ. ಹೊನ್ನಿ ಎರಡೂ ಕೈಯಲ್ಲಿ ಕುಪ್ಪಿ ಎತ್ತಿ ಬಳ್ಳಿಯ ಬುಡಕ್ಕೆ ರಸ ಎರೆದಳು. ಉಳಿದ ಮಕ್ಕಳು ರಾಜನ ಮುಖದ ನೊಣ ಓಡಿಸುತ್ತ, ದನಕ್ಕೆ ಹುಲ್ಲು ಹಾಕುತ್ತ, ಪಿಸುಮಾತಿನಲ್ಲಿ ಜಗಳವಾಡುತ್ತ ಮೂರು ದಿನ ರಾಜ್ಯ ನಡೆಸಿದರು.

ಮೂರನೆಯ ದಿನ ಚಾಗವ್ವ ಕಣ್ಣು ಬಿಟ್ಟಳು. "ಎಷ್ಟು ಹೊತ್ತಾಯಿತು?"

"ಏನೂ ಆಗಿಲ್ಲ" ಎಂದಳು ಹೊನ್ನಿ. "ಇನ್ನೂ ಸ್ವಲ್ಪ ಮಲಗವ್ವ."

ಚಾಗವ್ವ ಎರಡನೆಯ ಸಲ ಕೇಳಲಿಲ್ಲ. ಮಗ್ಗುಲು ಬದಲಿಸಿ ಮಲಗಿದಳು. ಅಲ್ಲಿಂದ ಮುಂದೆ ಸಿರಿಬಳ್ಳಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಸಂಜೆ ಉಂಡರು, ಮಲಗಿದರು, ಬೆಳಗಾದ ಮೇಲೆಯೇ ಎದ್ದರು.